ಗೊರಬು ತಂಡದ ಎರಡನೇ ದನಿ

೨೦೧೩ರಿಂದ ಮೂರು ವರ್ಷ ನಾನು ‘ಗೊರಬು’ ಎಂಬ ಸಂಗೀತ ತಂಡದಲ್ಲಿ ಹಾಡುಗಾರ್ತಿಯಾಗಿದ್ದೆ. ಅದಕ್ಕೆ ಮೊದಲೂ ಆಮೇಲೂ ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದಿನ ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದೆ. ಹೊಲಿಗೆಯ ವಿಚಾರ ನೀವು ಯಾವತ್ತೂ ಕೇಳಿಲ್ಲ ಮಕ್ಕಳೇ. ಹಾಡಿನ ವಿಚಾರ ಕೇಳುತ್ತಲೇ ಇರುತ್ತೀರಿ. ಎದುರು ಕೂತು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ನನ್ನತ್ತ ನೋಡಿದರೆ ಹೇಳಬೇಕಾದದ್ದೇ ಮರೆತುಹೋಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ಇದು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ಚಿಕ್ಕಜ್ಜಿ ನಾಗವೇಣಿ ನನ್ನ ವಾರಗಿತ್ತಿ. ನಾನು ಈ ಮನೆಗೆ ಬಂದ ಎರಡು ವರ್ಷಕ್ಕೆ ಅವಳೂ ಬಂದಳು. ಆವತ್ತಿನಿಂದ ನಾವಿಬ್ಬರೂ ಮದುವೆ ಮನೆಗಳಲ್ಲಿ ಸೋಬಾನೆ ಹಾಡುತ್ತಿದ್ದೆವು. ನಮ್ಮ ಕಡೆ ಸೋಬಾನೆಯನ್ನು ಒಬ್ಬಳೇ ಹಾಡುವ ಕ್ರಮವಿಲ್ಲ. ಒಬ್ಬಳು ಒಂದು ಸಾಲು ಹೇಳಬೇಕು, ಅದು ಮುಗಿಯುವ ಮೊದಲೇ ಇನ್ನೊಬ್ಬಳು ಅದರ ಕೊನೆಯನ್ನು ಹಿಡಿದು ಎತ್ತಿಕೊಳ್ಳಬೇಕು. ಅವಳು ಮುಗಿಸುವುದರೊಳಗೆ ಮೊದಲಿನವಳು ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಸಿದ್ಧವಾಗಿರುತ್ತಾಳೆ. ಹೀಗೆ ಇಡೀ ಹಾಡು ಎಲ್ಲೂ ಕಡಿಯದೆ ಸಾಗುತ್ತದೆ. ಹೇಳುವವಳು ನಾನು, ಎತ್ತಿಕೊಳ್ಳುವವಳು ಅವಳು. ನನ್ನ ಉಸಿರು ಯಾವ ಸಾಲಿನಲ್ಲಿ ಸೋಲುತ್ತದೆ ಎಂಬುದು ನನಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಅಲ್ಲಿ ಅವಳು ಸ್ವಲ್ಪ ಬೇಗ ಬರುತ್ತಿದ್ದಳು.

ನಿಮ್ಮಜ್ಜ ತೀರಿಕೊಂಡ ಮೇಲೆ ಮದುವೆ ಮನೆಯವರು ನನ್ನನ್ನು ಹಾಡಿಗೆ ಕರೆಯುವುದನ್ನು ಬಿಟ್ಟರು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಊಟಕ್ಕೆ ಕರೆದರು, ಹಸೆಯ ಹತ್ತಿರಕ್ಕೆ ಕರೆಯಲಿಲ್ಲ. ನಾಗವೇಣಿಯನ್ನು ಮಾತ್ರ ಕರೆಯಲು ಬಂದವರಿಗೆ ಅವಳು ಬಾಗಿಲಲ್ಲೇ ನಿಂತು ಹೇಳಿದಳು.

“ಅಕ್ಕ ಇಲ್ದೆ ನಾನು ಎಂತ ಹಾಡ್ಲಿ? ಯಾರೂ ಹೇಳ್ದೆ ಇದ್ದಿದ್ದನ್ನ ಎತ್ಕಳಕ್ಕೆ ಆಗ್ತದಾ?”

ಅವಳಿಗೆ ಗಂಡ ಇದ್ದ, ಕರೆಯುವವರಿದ್ದರು. ಆದರೂ ಅವಳು ಹಾಡು ಬಿಟ್ಟು ನನ್ನ ಜೊತೆ ಟೈಲರ್ ಅಂಗಡಿಗೆ ಬಂದಳು. ನಾನು ಮಿಷನ್ ತುಳಿಯುತ್ತಿದ್ದೆ, ಅವಳು ಹೆಮ್ಮಿಂಗ್ ಮಾಡುತ್ತಿದ್ದಳು. ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಮಿಷನ್ನಿನ ಸದ್ದಿನ ಅಡಿಯಲ್ಲಿ ಇಬ್ಬರೂ ಸಣ್ಣಗೆ ಹಾಡಿಕೊಳ್ಳುತ್ತಿದ್ದೆವು.

ಪ್ರದೀಪ ನಮ್ಮ ಅಂಗಡಿಗೆ ಬಂದದ್ದು ಗಿಟಾರಿಗೆ ಚೀಲ ಹೊಲಿಸಲು. ತೀರ್ಥಹಳ್ಳಿಯ ಹುಡುಗ, ಕಾಲೇಜು ಮುಗಿಸಿದ್ದ. ಮಳೆಗೆ ಗಿಟಾರು ನೆನೆಯುತ್ತದೆಂದು ಟಾರ್ಪಾಲಿನ ತುಂಡನ್ನು ಹಿಡಿದುಕೊಂಡು ಬಂದಿದ್ದ. ನಾವು ಅವನನ್ನು ಗಮನಿಸದೆ ಹಾಡು ಮುಗಿಸಿದೆವು. ತಲೆ ಎತ್ತಿದರೆ ಬಾಗಿಲಲ್ಲಿ ನಿಂತಿದ್ದಾನೆ. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಟೇಪಿನಲ್ಲಿ ಗಿಟಾರಿನ ಅಳತೆಯನ್ನು ಎರಡು ಸಲ ತಪ್ಪು ತೆಗೆದೆ.

ಚೀಲ ತೆಗೆದುಕೊಳ್ಳಲು ಬಂದಾಗ ಅವನು ತನ್ನ ಫೋನಿನಲ್ಲಿ ಅಮೆರಿಕದ ಹಾಡುಗಳನ್ನು ಕೇಳಿಸಿದ. ಅಲ್ಲಿಯ ಹಳ್ಳಿಗಾಡಿನವರ ಹಾಡಿಗೆ ಕಂಟ್ರಿ ಎನ್ನುತ್ತಾರಂತೆ. ಅದನ್ನು ಪೇಟೆಗೆ ತಕ್ಕಂತೆ ನಯಮಾಡುವುದು ಬೇಡವೆಂದು ಕೆಲವು ಹುಡುಗರು ಹಟ ಹಿಡಿದು, ಕರೆಂಟಿನ ಗಿಟಾರು ಇಟ್ಟುಕೊಂಡು ಒರಟೊರಟಾಗಿ ಹಾಡಿದರಂತೆ. ಅದಕ್ಕೆ ಆಲ್ಟರ್ನೇಟಿವ್ ಕಂಟ್ರಿ ಎಂದು ಹೆಸರು. ನಿಮ್ಮ ಸೋಬಾನೆಯನ್ನೂ ಹಾಗೆಯೇ ಹಾಡೋಣ, ಇಬ್ಬರೂ ನನ್ನ ತಂಡಕ್ಕೆ ಬನ್ನಿ ಎಂದ.

“ಅಲ್ಲೂ ಗದ್ದೆ ನೆಟ್ಟಿ ಮಾಡ್ತಾರನ?” ಎಂದು ನಾಗವೇಣಿ ಕೇಳಿದಳು.

“ಇಲ್ಲ ಅಕ್ಕ, ಜಾಸ್ತಿ ದನ ಕಾಯೋರು.”

“ಹಂಗಾದ್ರೆ ನಮ್ಮೋರೇ ಬಿಡು.”

ತಂಡಕ್ಕೆ ಹೆಸರು ಕೊಟ್ಟದ್ದೂ ಅವಳೇ. ಗದ್ದೆಯಲ್ಲಿ ಸಸಿ ನೆಡುವಾಗ ಮಳೆಗೆ ಬೆನ್ನಿನ ಮೇಲೆ ಹಾಕಿಕೊಳ್ಳುವ ಎಲೆಯ ಹೊದಿಕೆಗೆ ಗೊರಬು ಎನ್ನುತ್ತೇವೆ. ಗಿಟಾರಿಗೆ ಹೊಲಿದ ಟಾರ್ಪಾಲಿನ ಚೀಲ ನೋಡಿ ಅವಳು, “ನಿನ್ನ ಹೆಂಡ್ತಿಗೆ ಗೊರಬು ಆತಲ್ಲ” ಎಂದು ನಕ್ಕಳು. ಪ್ರದೀಪ ಅದನ್ನೇ ಇಟ್ಟುಕೊಂಡ.

ಡ್ರಮ್ ಬಾರಿಸಲು ಹಿನ್ನೀರಿನ ಆಚೆಯ ತುಮರಿಯಿಂದ ಅಣ್ಣಪ್ಪ ಬಂದ. ಅವನು ಡೊಳ್ಳು ಬಾರಿಸಿ ಬೆಳೆದವನು. ತೀರ್ಥಹಳ್ಳಿಯಲ್ಲಿ ಒಂದು ಹಳೆಯ ಗೋದಾಮಿನ ಮೇಲಿನ ಕೋಣೆಯಲ್ಲಿ ಭಾನುವಾರ ನಮ್ಮ ಅಭ್ಯಾಸ. ಮೊದಮೊದಲು ಏನೂ ಕೂಡಿಬರಲಿಲ್ಲ. ಪ್ರದೀಪ ನಾಲ್ಕು ನಾಲ್ಕಾಗಿ ಎಣಿಸುತ್ತಿದ್ದ. ನಮ್ಮ ಸಾಲು ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಉಸಿರು ಇದ್ದಷ್ಟು ಎಳೆಯುವುದು ನಮಗೆ ರೂಢಿ. ಅಣ್ಣಪ್ಪನೇ ದಾರಿ ಕಂಡುಕೊಂಡ. ಅವನು ಎಣಿಸುವುದನ್ನು ಬಿಟ್ಟು ನಾಗವೇಣಿಯ ಮುಖ ನೋಡುತ್ತಾ ಬಾರಿಸತೊಡಗಿದ. ಅವಳು ಎತ್ತಿಕೊಳ್ಳಲು ಗಲ್ಲ ಮೇಲೆ ಮಾಡಿದ ಕೂಡಲೇ ಅವನ ಪೆಟ್ಟು ಬೀಳುತ್ತಿತ್ತು.

“ನಾಗಕ್ಕ ಸೀನಿದ್ರೂ ನಾನು ಬಾರಿಸ್ತೀನಿ, ನೋಡ್ಕೊಳಿ” ಎನ್ನುತ್ತಿದ್ದ.

ಮೊದಲ ಕಾರ್ಯಕ್ರಮ ತೀರ್ಥಹಳ್ಳಿಯ ಒಂದು ಕಾಲೇಜಿನಲ್ಲಿ. ನಾನು ಕಣ್ಣು ಮುಚ್ಚಿಕೊಂಡೇ ಹಾಡಿದೆ. ತೆರೆದಾಗ ಹುಡುಗರು ಎದ್ದು ನಿಂತಿದ್ದರು. ಆಮೇಲೆ ಸಾಗರ, ಶಿವಮೊಗ್ಗ, ಹೋಮ್‌ಸ್ಟೇಗಳು. ಬ್ಯಾಕೋಡಿಗೆ ಹೋಗುವಾಗ ಹಿನ್ನೀರು ದಾಟಿಸುವ ಲಾಂಚಿನಲ್ಲಿ ಬಸ್ಸು, ಜೀಪುಗಳ ನಡುವೆ ಡ್ರಮ್ಮುಗಳನ್ನು ಇಟ್ಟುಕೊಂಡು ನಿಂತಿದ್ದೆವು. ಯಾರೋ ಕೇಳಿದರೆಂದು ಅಲ್ಲೇ ಹಾಡಿದೆವು. ಹಸೆಯ ಹತ್ತಿರ ಬೇಡವಾದ ನನ್ನ ದನಿಯನ್ನು ಅಷ್ಟು ಜನ ಕೇಳುತ್ತಿದ್ದರು. ನಾಗವೇಣಿ ಪಕ್ಕದಲ್ಲಿದ್ದಳು. ಆ ಎರಡು ವರ್ಷ ನಾನು ಬೇರೇನನ್ನೂ ಬಯಸಲಿಲ್ಲ.

೨೦೧೫ರಲ್ಲಿ ಬೆಂಗಳೂರಿನ ಒಂದು ಕಂಪನಿಯವರು ನಮ್ಮ ಹಾಡನ್ನು ಹೊರತರುವುದಾಗಿ ಹೇಳಿದರು. ಹೆಣ್ಣು ಒಪ್ಪಿಸುವಾಗ ಹಾಡುವ ಹಾಡನ್ನು ಆರಿಸಿದೆವು. ಸ್ಟುಡಿಯೊ ಎಂದರೆ ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆಗಳು. ನನ್ನನ್ನು ಒಂದು ಗಾಜಿನ ಕೋಣೆಯಲ್ಲಿ, ನಾಗವೇಣಿಯನ್ನು ಇನ್ನೊಂದರಲ್ಲಿ ನಿಲ್ಲಿಸಿದರು. ಕಿವಿಗೆ ಹೆಡ್‌ಫೋನ್. ಅದರಲ್ಲಿ ಗಡಿಯಾರದ ಹಾಗೆ ಟಕ್ ಟಕ್ ಎಂಬ ಸದ್ದು. ಅದಕ್ಕೆ ಕ್ಲಿಕ್ ಎನ್ನುತ್ತಾರೆ. ಬೇರೆ ಬೇರೆಯಾಗಿ ಹಾಡಿದ್ದನ್ನು ಆಮೇಲೆ ಕೂಡಿಸಲು ಅದು ಬೇಕು. ಒಬ್ಬೊಬ್ಬರ ದನಿಯನ್ನು ಬೇರೆ ಬೇರೆ ಪಟ್ಟಿಗಳಾಗಿ ಇಡುತ್ತಾರೆ. ಆ ಪಟ್ಟಿಗೆ ಟ್ರ್ಯಾಕ್ ಎಂದು ಹೆಸರು.

ನಾನು ಹೇಗೋ ಕ್ಲಿಕ್ಕಿಗೆ ಹೊಂದಿಕೊಂಡೆ. ನಾಗವೇಣಿಗೆ ಆಗಲಿಲ್ಲ. ಅವಳು ಎತ್ತಿಕೊಳ್ಳುತ್ತಿದ್ದದ್ದು ನನ್ನ ಮೈಯನ್ನು ನೋಡಿ. ಎರಡು ಗಾಜುಗಳ ಆಚೆಯಿಂದ ಅದು ಸರಿಯಾಗಿ ಕಾಣುತ್ತಿರಲಿಲ್ಲ. ರೆಕಾರ್ಡಿಂಗ್ ಮಾಡುವವರು ಒಳ್ಳೆಯ ಮನುಷ್ಯ, ಸಿಟ್ಟು ಮಾಡಲಿಲ್ಲ.

“ಅಮ್ಮಾ, ಅವರು ಮುಗಿಸೋಕೆ ಮುಂಚೇನೇ ನೀವು ಶುರು ಮಾಡ್ತಿದೀರ. ಮುಗಿದ ಮೇಲೆ ಹಾಡಿ.”

“ಮುಗಿದ್ಮೇಲೆ ಎತ್ಕಂಡ್ರೆ ಅದು ಹಾಡಲ್ಲ ಸಾರ್, ವರದಿ ಒಪ್ಪಿಸ್ದಂಗೆ ಆಗ್ತದೆ.”

ಎಲ್ಲರೂ ನಕ್ಕರು. ಆದರೂ ಅವಳು ಪಾಪ, ಮತ್ತೆ ಮತ್ತೆ ಪ್ರಯತ್ನಿಸಿದಳು. ಗಂಟಲು ಒಡೆಯಿತು. ಅಣ್ಣಪ್ಪ ಅವಳನ್ನು ಚಾ ಕುಡಿಸಲು ಹೊರಗೆ ಕರೆದುಕೊಂಡು ಹೋದ. ಆಗ ಪ್ರದೀಪ ನನ್ನ ಹತ್ತಿರ ಬಂದ.

“ಅಕ್ಕ, ಎರಡನೇ ಸಾಲನ್ನೂ ಒಂದ್ಸಲ ನೀವೇ ಹೇಳಿಬಿಡಿ. ಗೈಡ್ ಟ್ರ್ಯಾಕ್ ಅಂತ. ನಾಗಕ್ಕಂಗೆ ದಾರಿ ತೋರ್ಸಕ್ಕೆ, ಅಷ್ಟೆ. ಅದು ಕೇಳ್ಕೊಂಡು ಇನ್ನೊಂದ್ಸಲ ಬಂದಾಗ ಅವ್ರು ಹಾಡ್ತಾರೆ.”

ಗೈಡ್ ಟ್ರ್ಯಾಕ್ ಎಂಬುದು ನಿಜವಾಗಿಯೂ ಇದೆ. ಮನೆ ಕಟ್ಟುವಾಗ ಹಾಕುವ ದಾರದ ಗುರುತಿನ ಹಾಗೆ, ಕೆಲಸ ಮುಗಿದ ಮೇಲೆ ತೆಗೆದುಬಿಡುತ್ತಾರೆ. ನಾನು ಹಾಡಿದೆ. ನನ್ನ ಸಾಲನ್ನು ನಾನೇ ಎತ್ತಿಕೊಂಡದ್ದು ಅದೇ ಮೊದಲು. ಅವನು ಆವತ್ತು ಸುಳ್ಳು ಹೇಳಿದ ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಇನ್ನೊಮ್ಮೆ ಬರುವ ಮನಸ್ಸು ಅವನಿಗೂ ಇತ್ತು. ಕಂಪನಿಯವರು ಅವಸರ ಮಾಡಿದರು. ಇನ್ನೊಮ್ಮೆ ಬರಲೇ ಇಲ್ಲ.

ಹಾಡು ಹೊರಬಂದ ದಿನ ಅಂಗಡಿಯಲ್ಲಿ ಗಿರಾಕಿಯೊಬ್ಬರು ಫೋನಿನಲ್ಲಿ ಹಾಕಿದರು. ನಾಗವೇಣಿ ಸೂಜಿ ಹಿಡಿದುಕೊಂಡೇ ಕೊನೆಯವರೆಗೂ ಕೇಳಿದಳು. ಗಿರಾಕಿ ಹೋದ ಮೇಲೆ ಒಂದೇ ಮಾತು ಹೇಳಿದಳು.

“ಎರಡೂ ನಿನ್ನ ಗಂಟ್ಲೇ ಅಕ್ಕ.”

ನಾನು ನಡೆದದ್ದನ್ನು ಹೇಳಿದೆ. “ನಿಂಗೆ ಗೊತ್ತಿರ್ಲಿಲ್ಲ ಅಂತ ನಂಗೆ ಗೊತ್ತು” ಎಂದಳು. ಸೆರಗಿನ ಅಂಚು ಮಡಚಿ ಹೊಲಿಗೆ ಮುಂದುವರಿಸಿದಳು. ಪ್ರದೀಪನಿಗೆ ಫೋನ್ ಮಾಡಿದೆ. ನನ್ನ ಮಾತು ಮೊದಲೇ ತಡೆದು ತಡೆದು ಬರುವಂಥದ್ದು, ಅವನು ಬೇಗ ಬೇಗ ಮಾತಾಡಿದ. “ಯಾರಿಗೂ ಗೊತ್ತಾಗಲ್ಲ ಅಕ್ಕ. ಸ್ಟೇಜಲ್ಲಿ ನಾಗಕ್ಕನೇ ಹಾಡ್ತಾರಲ್ಲ” ಎಂದ. ಅವಳೂ ಹಾಗೆಯೇ ಸಮಾಧಾನ ಮಾಡಿಕೊಂಡಳು. “ರೆಕಾರ್ಡಿಂಗಲ್ಲಿ ಇಲ್ದಿದ್ರೆ ಎಂತ ಆತು, ಜನರ ಮುಂದೆ ಇದೀನಲ್ಲ” ಎಂದು ಮುಂದಿನ ಕಾರ್ಯಕ್ರಮಗಳಿಗೆ ಬಂದಳು.

ಹಾಡು ಎಲ್ಲ ಕಡೆ ಹಬ್ಬಿತು. ಜನ ಈಗ ಫೋನಿನಲ್ಲಿ ಕೇಳಿದಂತೆಯೇ ಬೇಕೆಂದರು. ನಾಗವೇಣಿ ಬೇಗ ಎತ್ತಿಕೊಂಡರೆ ಮುಂದೆ ಕೂತ ಹುಡುಗರಿಗೆ ಅದು ತಪ್ಪಾಗಿ ಕೇಳುತ್ತಿತ್ತು. ಒಮ್ಮೆ ಒಬ್ಬ ನಕ್ಕದ್ದನ್ನು ಅವಳೂ ನೋಡಿದಳು, ನಾನೂ ನೋಡಿದೆ.

೨೦೧೬ರ ಚಳಿಗಾಲದಲ್ಲಿ ಸಾಗರದ ಒಂದು ಮೈದಾನದಲ್ಲಿ ನಮ್ಮ ಕಾರ್ಯಕ್ರಮವಿತ್ತು. ಪ್ರದೀಪ ಲ್ಯಾಪ್‌ಟಾಪ್ ತಂದಿದ್ದ. ಹಿನ್ನೆಲೆಗೆ ಒಂದಿಷ್ಟು ಶಬ್ದ ಸೇರಿಸುವುದಕ್ಕೆ ಎಂದ. ಅದಕ್ಕೆ ಹೊಂದಿಸಲು ಅಣ್ಣಪ್ಪನ ಕಿವಿಗೆ ಕ್ಲಿಕ್ ಹಾಕಿದ. ಕೊನೆಗೆ ಆ ಹಾಡು ಬಂತು. ನಾನು ಮೊದಲ ಸಾಲು ಹೇಳಿ ರೂಢಿಯಂತೆ ನಾಗವೇಣಿಯ ಕಡೆ ತಿರುಗಿದೆ. ಅವಳ ಬಾಯಿ ಆಡುತ್ತಿತ್ತು. ಕೇಳುತ್ತಿದ್ದದ್ದು ನನ್ನ ದನಿ.

ಮೊದಲು ಪ್ರತಿಧ್ವನಿ ಎಂದುಕೊಂಡೆ. ಇನ್ನೊಂದು ಸಾಲು ಹೇಳಿದೆ. ಮತ್ತೆ ಅದೇ. ನಾಗವೇಣಿ ಮೈಕನ್ನು ಬೆರಳಿನಿಂದ ತಟ್ಟಿದಳು. ಸದ್ದಿಲ್ಲ. ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಆದರೂ ಸ್ಟುಡಿಯೊದಲ್ಲಿ ನಾನು ಹಾಡಿದ್ದ ಆ ಎರಡನೇ ಸಾಲು ಲ್ಯಾಪ್‌ಟಾಪಿನಿಂದ ಬಂತು. ಯಾರೂ ಹೇಳದ ಸಾಲನ್ನು ಆ ಪೆಟ್ಟಿಗೆ ಎತ್ತಿಕೊಂಡಿತು. ನಾನು ವೇದಿಕೆಯ ಮೇಲೆ ಬಾಯಿ ಮುಚ್ಚಿ ನಿಂತಿದ್ದೇನೆ, ನನ್ನ ದನಿ ಮೈದಾನದ ತುಂಬ ಹೋಗುತ್ತಿದೆ. ಕರೆದರೆ ಬರುವಂತಿಲ್ಲ, ತಡೆದರೆ ನಿಲ್ಲುವಂತಿಲ್ಲ.

ಜನ ಅದು ಮೊದಲೇ ಮಾಡಿಕೊಂಡ ಏರ್ಪಾಡು ಎಂದುಕೊಂಡರು. ನಾನು ಬಿಟ್ಟ ಮೊದಲ ಸಾಲನ್ನು ಅವರೇ ಹಾಡತೊಡಗಿದರು. ಅವರು ಹೇಳಿದರು, ಲ್ಯಾಪ್‌ಟಾಪ್ ಎತ್ತಿಕೊಂಡಿತು. ಹಾಡು ಎಲ್ಲೂ ಕಡಿಯದೆ ಸಾಗಿತು. ನಾವಿಬ್ಬರು ನಡುವೆ ನಿಂತಿದ್ದೆವು. ಅಣ್ಣಪ್ಪ ಕಿವಿಯ ವೈರು ಕಿತ್ತು, ಕೋಲುಗಳನ್ನು ಡ್ರಮ್ಮಿನ ಮೇಲೆ ಇಟ್ಟು ಎದ್ದ.

ವೇದಿಕೆಯ ಹಿಂದೆ ಅವನೇ ಮೊದಲು ಕೇಳಿದ.

“ನಾಗಕ್ಕನ ಮೈಕು ಯಾಕೆ ಬಂದ್ ಮಾಡ್ದೆ?”

“ಬಂದ್ ಅಲ್ಲ, ಕಮ್ಮಿ ಮಾಡಿದ್ದು.”

“ಎಷ್ಟು ಕಮ್ಮಿ? ಅವ್ರಿಗೇ ಕೇಳ್ದಷ್ಟಾ?”

“ಜನ ಹಂಗೇ ಬೇಕಂತಾರೆ ಮಾರಾಯ. ನಾನೆಂತ ಮಾಡ್ಲಿ?”

“ಹಂಗಾದ್ರೆ ಲ್ಯಾಪ್‌ಟಾಪನ್ನೇ ಕುರ್ಚಿ ಮೇಲೆ ಕೂರ್ಸು. ನಮ್ಮನ್ನ ಎಂತಕ್ಕೆ ಲಾಂಚು ಹತ್ಸಿ ಕರ್ಸ್ತೀಯ? ಅದಕ್ಕೇ ಒಂದು ಸೀರೆ ಉಡ್ಸು.”

ಪ್ರದೀಪ ನನ್ನ ಕಡೆ ತಿರುಗಿದ. ಅವನ ಕಣ್ಣು ತುಂಬಿತ್ತು. “ಅಕ್ಕ, ನೀವಾದ್ರೂ ಹೇಳಿ.” ಅಣ್ಣಪ್ಪನೂ ನನ್ನನ್ನೇ ನೋಡಿದ. ಆ ಎರಡನೇ ದನಿ ನನ್ನದೇ ಆಗಿರುವಾಗ ನಾಗವೇಣಿಯ ಪರವಾಗಿ ಮಾತಾಡುವ ಬಾಯಿ ನನಗೆಲ್ಲಿತ್ತು? ಇದನ್ನೆಲ್ಲ ನಿಲ್ಲಿಸು ಎಂದರೆ ಆ ಹುಡುಗ ಕಟ್ಟಿದ್ದು ಬೀಳುತ್ತದೆ. ಸುಮ್ಮನಿದ್ದರೆ ಇವಳು ಬೀಳುತ್ತಾಳೆ. ಇಬ್ಬರೂ ಕಾಯುತ್ತಿದ್ದರು.

“ಜಗಳ ಬ್ಯಾಡ ಮಾರ್ರೆ, ಬಸ್ಸಿಗೆ ಹೊತ್ತಾತು” ಎಂದು ನಾಗವೇಣಿಯೇ ಚೀಲ ಎತ್ತಿಕೊಂಡಳು.

ತಂಡ ಅಲ್ಲಿಗೇ ಮುಗಿಯಿತು. ಅಣ್ಣಪ್ಪ ತುಮರಿಗೆ ಹೋದವನು ಕರೆದರೂ ಬರಲಿಲ್ಲ. ಪ್ರದೀಪ ಕೆಲವು ತಿಂಗಳು ಬಿಟ್ಟು ಅಂಗಡಿಗೆ ಬಂದ. ನಾಗವೇಣಿಯ ದನಿ ಸೇರಿಸಿ ಹಾಡನ್ನು ಮತ್ತೆ ಮಾಡೋಣವೆಂದು ಕಂಪನಿಗೆ ಕೇಳಿದನಂತೆ. ಹೊರಗೆ ಹೋದದ್ದನ್ನು ಬದಲಾಯಿಸುವುದಿಲ್ಲ ಎಂದರಂತೆ. “ಅದು ಈಗ ನನ್ನ ಕೈಲಿಲ್ಲ ಅಕ್ಕ” ಎಂದ. ನಾಗವೇಣಿ ಅವನಿಗೆ ಚಾ ತರಿಸಿದಳು. ಗಿಟಾರಿನ ಚೀಲದ ಹರಿದ ಜಿಪ್ಪನ್ನು ಹಾಕಿಕೊಟ್ಟಳು. ಅವನು ಈಗ ಉಡುಪಿಯ ಕಡೆ ಮಕ್ಕಳಿಗೆ ಗಿಟಾರು ಕಲಿಸುತ್ತಾನೆ.

ಹಾಡು ಮಾತ್ರ ನಮ್ಮ ಸುತ್ತಲೇ ಇದೆ. ಈಗ ಛತ್ರಗಳಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿಗೆ ಅದನ್ನೇ ಹಾಕುತ್ತಾರೆ. ನನ್ನನ್ನು ಕರೆಯದ ಹಸೆಯ ಹತ್ತಿರ ನನ್ನ ದನಿ ಇದೆ, ಕರೆದಿದ್ದರೂ ಹೋಗದೆ ಉಳಿದವಳ ದನಿ ಇಲ್ಲ. ನೀವು ಫೋನಿನಲ್ಲಿ ಆ ಹಾಡು ಹಾಕಿದಾಗ ಚಿಕ್ಕಜ್ಜಿ ಯಾಕೆ ಎದ್ದು ಹೋಗುತ್ತಾಳೆ ಎಂದು ಕೇಳುತ್ತೀರಲ್ಲ, ಇದಕ್ಕೆ. ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲ. ನಾನು ಕೇಳಿ ನೋಡಿದ್ದೇನೆ. “ಸಿಟ್ಟಾದ್ರೆ ಜಗಳ ಮಾಡಿ ಮುಗಿಸ್ಬೋದಿತ್ತು” ಎನ್ನುತ್ತಾಳೆ.

ಆ ಹಾಡಿನ ಕೆಲಸ ನನಗೆ ಕಲಿಸಿದ್ದು ಇಷ್ಟು. ಯಾರಾದರೂ ನಿಮ್ಮ ಕೆಲಸ ಮೆಚ್ಚಿ ಇದನ್ನೂ ನೀವೇ ಮಾಡಿಬಿಡಿ ಎಂದರೆ, ಇದನ್ನು ಈವರೆಗೆ ಮಾಡುತ್ತಿದ್ದವರು ಎಲ್ಲಿ ಎಂದು ಕೇಳಿ. ನಾಚಿಕೆಯಾದರೂ ಕೇಳಿ. ಕೇಳಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ನನಗೆ ಅದು ಗೊತ್ತಿಲ್ಲ.

ಈಗಲೂ ಸಂಜೆ ನಾವಿಬ್ಬರೂ ಜಗಲಿಯಲ್ಲಿ ಹೊಲಿಗೆ ಹಿಡಿದು ಕೂರುತ್ತೇವೆ. ಒಮ್ಮೊಮ್ಮೆ ನಾನು ಸಣ್ಣಗೆ ಒಂದು ಸಾಲು ಹೇಳಿ, ಕೊನೆಯನ್ನು ಎಳೆದು ಕಾಯುತ್ತೇನೆ. ಅವಳು ನೂಲು ಕಡಿಯುತ್ತಾಳೆ, ಸೂಜಿಗೆ ಪೋಣಿಸುತ್ತಾಳೆ, ಎತ್ತಿಕೊಳ್ಳುವುದಿಲ್ಲ. ನಾನೂ ಮುಂದುವರಿಸುವುದಿಲ್ಲ. ಎರಡನೇ ಸಾಲು ಅವಳದು.