ತಳ ನೋಡುವ ಪರಸಣ್ಣ

ಪರಸಣ್ಣ ಯಾರ ಮನೆಗೆ ಹೋದರೂ, ಅಲ್ಲೊಂದು ಹೂದಾನಿ ಕಣ್ಣಿಗೆ ಬಿದ್ದರೆ ಮೊದಲು ಅದನ್ನು ಎತ್ತಿ ತಲೆಕೆಳಗು ಮಾಡಿ ತಳ ನೋಡುತ್ತಿದ್ದರು. ಒಳಗೆ ಪ್ಲಾಸ್ಟಿಕ್ ಹೂಗಳಿದ್ದರೆ ನೆಲಕ್ಕೆ ಬೀಳುತ್ತಿದ್ದವು. ಬಿದ್ದದ್ದನ್ನು ಅವರು ಎತ್ತಿಕೊಡುತ್ತಿರಲಿಲ್ಲ. ತಳದಲ್ಲಿ ಹಸಿರು ಇಲ್ಲವೇ ನೀಲಿ ಬಣ್ಣದ ಸಣ್ಣ ಮುದ್ರೆ, ಅದರ ಕೆಳಗೆ ಇಂಗ್ಲಿಷಿನಲ್ಲಿ ಜರ್ಮನಿ ಎಂಬ ಹೆಸರು ಇದೆಯೇ ಎಂದು ಹುಡುಕುತ್ತಿದ್ದರು. ಇರದಿದ್ದರೆ ಮಾತಿಲ್ಲದೆ ಕೆಳಗಿಟ್ಟು ಬಂದ ಕೆಲಸಕ್ಕೆ ತೊಡಗುವರು. ಇದ್ದರೆ ಅಂದಿನ ಕೆಲಸ ಅಲ್ಲಿಗೆ ಕೆಟ್ಟಂತೆಯೇ.

ಅವರು ಬೈಲಹೊಂಗಲದ ವಾಯರ್‌ಮನ್. ಗಿಡ್ಡ ಮೈಕಟ್ಟು, ಕೂಡಿಕೊಂಡ ದಪ್ಪ ಹುಬ್ಬು, ಅಂಗಿಯ ಜೇಬಿನಲ್ಲಿ ಸದಾ ಒಂದು ಟೆಸ್ಟರ್. ಮಾತಾಡುವಾಗ ಆ ಟೆಸ್ಟರನ್ನು ಎದುರಿಗಿದ್ದವರ ಎದೆಗೆ ಗುರಿ ಹಿಡಿದು ಮಾತಾಡುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹಳೇ ವಾಯರಿಗೆ ಹೊಸ ವಾಯರು ಗಂಟು ಹಾಕಿ ಮುಗಿಸಿರಿ ಎಂದವರ ಮನೆಯಿಂದ ಏಣಿ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಆದರೂ ಊರಿನ ದೊಡ್ಡ ಮನೆಗಳೆಲ್ಲ ಅವರನ್ನೇ ಕರೆಯುತ್ತಿದ್ದವು. ಅವರು ಎಳೆದ ವಾಯರು ಇಪ್ಪತ್ತು ವರ್ಷ ತಕರಾರು ಮಾಡುತ್ತಿರಲಿಲ್ಲ.

ನಾನು ಆ ಊರಿಗೆ ಸೊಸೆಯಾಗಿ ಬಂದದ್ದು ತೊಂಬತ್ತೆರಡರಲ್ಲಿ. ನಮ್ಮದು ಅರಳೆ ವ್ಯಾಪಾರದ ಮನೆ, ಹಿಂದೆ ಸ್ವಂತ ಜಿನ್ನಿಂಗ್ ಗಿರಣಿಯಿತ್ತು. ನನ್ನ ಗಂಡ ಕಿರಿಯ ಮಗ, ಭಾವ ಶಿವಾನಂದಪ್ಪನವರು ಹಿರಿಯರು. ಪರಸಣ್ಣ ಭಾವನಿಗಿಂತ ಎಂಟು ವರ್ಷ ದೊಡ್ಡವರು. ಆದರೂ ನಮ್ಮ ಮನೆಯಲ್ಲಿ ಅವರು ಬರೀ ಪರಸ್ಯಾ. ವಾಯರು ಹೋದಲ್ಲೆಲ್ಲ ಅವರು ಹೋಗಬಹುದಿತ್ತು, ದೇವರ ಕೋಣೆಯೊಂದನ್ನು ಬಿಟ್ಟು. ಅಲ್ಲಿಯ ಬಲ್ಬನ್ನು ನನ್ನ ಗಂಡನೇ ಹಾಕುತ್ತಿದ್ದರು. ಪರಸಣ್ಣನ ಚಹಾಕ್ಕೆ ಹಿತ್ತಲ ಗೋಡೆಯ ಗೂಡಿನಲ್ಲಿ ಬೇರೆ ಲೋಟವಿತ್ತು. ಆ ಲೋಟದಲ್ಲಿ ನಾನೂ ಚಹಾ ಕೊಟ್ಟಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೇರೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವವಳಿದ್ದೇನೆ.

ನಾನು ಬಂದ ಮರುವರ್ಷ ಇಡೀ ಮನೆಯ ವಾಯರಿಂಗು ಬದಲಾಯಿಸಿದರು. ಅಟ್ಟದ ಮೇಲೆ ಹತ್ತಿದ್ದ ಪರಸಣ್ಣ ಬಹಳ ಹೊತ್ತು ಸದ್ದಿಲ್ಲದೆ ಇದ್ದದ್ದು ನೋಡಿ ಅತ್ತೆಯವರು ಕೆಳಗಿನಿಂದ ಕೂಗಿದರು. ಅವರು ಎದೆಗೆ ಎರಡು ಬಿಳಿ ಹೂದಾನಿ ಅವಚಿಕೊಂಡು ಇಳಿದು ಬಂದರು. ಗಿರಣಿಯ ಯಂತ್ರಗಳು ಜರ್ಮನಿಯಿಂದ ಬಂದ ಕಾಲಕ್ಕೆ, ಆ ಕಂಪನಿಯವರು ಮಾವನವರಿಗೆ ವರ್ಷಕ್ಕೊಂದರಂತೆ ಕಾಣಿಕೆ ಕಳಿಸಿದ್ದ ಹೂದಾನಿಗಳವು. ಒಂದು ಸೊಂಟ ಬಾಗಿಸಿ ನಿಂತ ಹಾಗಿತ್ತು. ಇನ್ನೊಂದರ ಮೈತುಂಬ ಮಡಿಕೆ, ಇಸ್ತ್ರಿ ಮಾಡದ ಧೋತರದಂತೆ. ಹೊಳಪಿಲ್ಲ, ಬಣ್ಣವಿಲ್ಲ, ಒಂದು ಬಳ್ಳಿಯ ಚಿತ್ರವೂ ಇಲ್ಲ. ಎರಡು ಹೂವು ಹಿಡಿಯುವಷ್ಟೂ ಬಾಯಿಲ್ಲದ ಅವನ್ನು ಅತ್ತೆಯವರು ಎಂದೂ ಮೆಚ್ಚಿರಲಿಲ್ಲ.

ಪರಸಣ್ಣ ಅವನ್ನು ಕೇಳಿದರು. ಬೇಡಿಕೊಳ್ಳುವ ದನಿಯಲ್ಲಲ್ಲ, ಎಂದಿನ ಗದರುವ ದನಿಯಲ್ಲೇ ಕೇಳಿದರು.

"ಒಯ್ಯಪಾ," ಎಂದರು ಅತ್ತೆಯವರು. "ಅಟ್ಟದ ಮ್ಯಾಲಿನ ಕಸಾ ಅಷ್ಟು ಕಡಿಮಿ ಆಗತೈತಿ."

ನಾನು ಅಲ್ಲೇ ನಿಂತಿದ್ದೆ. ಸುತ್ತಿಕೊಡಲು ಹಳೇ ಸೀರೆಯ ತುಂಡು ತಂದುಕೊಟ್ಟವಳೂ ನಾನೇ.

ಅದಾದ ಮೇಲೆ ಒಮ್ಮೆ ಅವರ ಮನೆಗೆ ಹೋದೆ. ನಮ್ಮ ಮನೆಯವರು ಆ ಓಣಿಗೆ ಹೋಗುವ ರೂಢಿಯಿರಲಿಲ್ಲ. ಅವರ ಹೆಂಡತಿ ಕಸ್ತೂರಿ ಅಂಗನವಾಡಿ ಕಾರ್ಯಕರ್ತೆ. ನನ್ನ ಮಗಳ ತೂಕ ನೋಡಿಸುವ ನೆಪ ಸಿಕ್ಕಿತು, ಹೋದೆ. ಎರಡು ಕೋಣೆಯ ಮನೆ, ಬುದ್ಧನದೊಂದು ಫೋಟೋ, ಗೋಡೆಯುದ್ದಕ್ಕೂ ಮೂರು ಸಾಲು ಕಡಪಾ ಕಲ್ಲಿನ ಹಲಗೆ. ಅವುಗಳ ಮೇಲೆ ಹದಿನೇಳು ಹೂದಾನಿಗಳು. ಒಂದರಲ್ಲೂ ಹೂವಿಲ್ಲ. ನನ್ನ ಕಣ್ಣಿಗೆ ಮೊದಲು ಕಂಡದ್ದು ಅವುಗಳ ನೆರಳು. ಗೋಡೆಗೆ ಹಚ್ಚಿದ ಒಂದೇ ಬಲ್ಬನ್ನು ಎಲ್ಲಿಟ್ಟರೆ ಯಾವ ಮಡಿಕೆ ಎದ್ದು ಕಾಣುತ್ತದೆ ಎಂಬ ಲೆಕ್ಕ ಆ ವಾಯರ್‌ಮನ್ನನಿಗೆ ಗೊತ್ತಿತ್ತು.

ಈ ಹುಚ್ಚು ಹೇಗೆ ಹತ್ತಿತೆಂದು ಕೇಳಿದೆ. ಪಿಂಗಾಣಿ ಫ್ಯೂಜುಗಳಿಂದ ಎಂದರು. ಚಿಕ್ಕಂದಿನಿಂದ ಕೈಯಲ್ಲಿ ಅದೇ. ಎಷ್ಟೇ ಕರೆಂಟು ಹಾಯ್ದರೂ ತನ್ನ ಮೈಗೆ ಹತ್ತಿಸಿಕೊಳ್ಳದ ಆ ಬಿಳಿ ವಸ್ತುವಿನ ಮೇಲೆ ಅವರಿಗೆ ಮೊದಲಿನಿಂದಲೂ ಗೌರವ. ಒಮ್ಮೆ ರಾಮದುರ್ಗದ ಹಳೇ ವಾಡೆಯೊಂದರಲ್ಲಿ ವಾಯರಿಂಗಿಗೆ ಹೋದಾಗ ಗುಜರಿಗೆ ಹಾಕಿದ್ದ ಸಾಮಾನಿನಲ್ಲಿ ಅದೇ ಪಿಂಗಾಣಿಯ ಹೂದಾನಿ ಸಿಕ್ಕಿತಂತೆ. ತಳದ ಮುದ್ರೆಯನ್ನು ಕಾಗದದ ಮೇಲೆ ಬರೆದುಕೊಂಡು ಧಾರವಾಡಕ್ಕೆ ಹೋಗಿ, ಜರ್ಮನ್ ಕಲಿಸುವ ಒಬ್ಬ ಪ್ರಾಧ್ಯಾಪಕರನ್ನು ಹುಡುಕಿ ಅರ್ಥ ಕೇಳಿದ್ದರು. ಆಮೇಲೆ ಪ್ರತಿ ಹೊಸ ಮುದ್ರೆಗೂ ಧಾರವಾಡದ ಬಸ್ಸು ಹತ್ತುತ್ತಿದ್ದರು. ಸವದತ್ತಿ, ಕಿತ್ತೂರು, ಮುನವಳ್ಳಿ, ಎಲ್ಲೆಲ್ಲಿ ಹಳೇ ಸಾಹುಕಾರರ ಮನೆಗಳಿದ್ದವೋ ಅಲ್ಲೆಲ್ಲ ಅಟ್ಟ ಹತ್ತಿದ್ದರು. ಕೆಲವನ್ನು ಕೊಂಡಿದ್ದರು, ಕೆಲವನ್ನು ಕೇಳಿ ಪಡೆದಿದ್ದರು. ಉಗರಗೋಳದ ಒಂದು ಅಂಗಡಿಯಲ್ಲಿ ಊದಿನಕಡ್ಡಿ ಸಿಕ್ಕಿಸಿಟ್ಟಿದ್ದ ಹೂದಾನಿಗಾಗಿ, ಜಾತ್ರೆ ಸೇರುವ ಮೂರು ಹುಣ್ಣಿಮೆ ಅಲೆದಿದ್ದರು.

ಅಂದು ಅವರು ಹೇಳಿದ ಮಾತು ನನಗೆ ಇಂದಿಗೂ ಬಾಯಿಪಾಠ.

"ಯುದ್ಧದಾಗ ಜರ್ಮನಿಯವರ ಊರಿಗೂರ ಸುಟ್ಟು ಬೂದಿ ಆಗಿದ್ವಂತ್ರಿ ಅಕ್ಕಾರ. ಆಮ್ಯಾಲ ಹೊಸಾದು ಮಾಡಾಕ ಕುಂತಾಗ, ಹಳೇ ಅರಸರ ಚಿತ್ರಾ, ಬಂಗಾರದ ಬಳ್ಳಿ, ಮನೆತನದ ಗುರ್ತು, ಯಾವೂ ಬ್ಯಾಡ ಅಂದ್ರಂತ. ಬರೇ ಆಕಾರ ಇರ್ಲಿ ಅಂದ್ರಂತ. ಇದರ ಮೈಮ್ಯಾಲೆ ನೀವು ಎಲ್ಲೆ ಹುಡುಕಿದ್ರೂ ಇದು ಯಾರ ಪೈಕಿ ಅಂತ ಬರದಿಲ್ಲ."

ಮುದ್ರೆಯಿದ್ದದ್ದು ತಳದಲ್ಲಿ ಮಾತ್ರ, ಅದೂ ಮಾಡಿದವರ ಹೆಸರು.

ಎರಡು ಸಾವಿರದ ಐದರ ಬೇಸಿಗೆ ಆಗತಾನೆ ಶುರುವಾಗಿತ್ತು. ಅತ್ತೆ ಮಾವ ಇಬ್ಬರೂ ತೀರಿಕೊಂಡಿದ್ದರು. ಭಾವನವರು ಹೊಸ ಮನೆ ಕಟ್ಟಿಸುತ್ತಿದ್ದರು. ಅದರ ಅಲಂಕಾರಕ್ಕೆ ಪುಣೆಯಿಂದ ಬಂದವನೊಬ್ಬ ನಮ್ಮ ಅಡುಗೆಮನೆಯಲ್ಲಿ ಸೌಟು ನಿಲ್ಲಿಸಿಟ್ಟಿದ್ದ ಬಿಳಿ ಪಾತ್ರೆಯನ್ನು ನೋಡಿ ಬೆರಗಾದ. ಮಾವನವರಿಗೆ ಬಂದ ಕಾಣಿಕೆಗಳಲ್ಲಿ ಮನೆಯಲ್ಲಿ ಉಳಿದಿದ್ದದ್ದು ಅದೊಂದೇ. ಇಂಥವುಗಳಿಗೆ ಈಗ ಮುಂಬಯಿಯಲ್ಲಿ ಎಲ್ಲಿಲ್ಲದ ಬೇಡಿಕೆ ಎಂದ. ಭಾವನಿಗೆ ಉಳಿದೆರಡರ ನೆನಪಾಯಿತು. ಅವು ಎಲ್ಲಿವೆಯೆಂದು ಊರಿಗೆಲ್ಲ ಗೊತ್ತಿತ್ತು. ಆಳನ್ನು ಕಳಿಸಿ ತರಿಸಲು ಹೇಳಿದರು. ಅಮ್ಮಾವರು ಕೈಯಾರೆ ಕೊಟ್ಟದ್ದು, ವಾಪಸ್ಸು ಕೊಡುವುದಿಲ್ಲ ಎಂದು ಪರಸಣ್ಣ ಹೇಳಿ ಕಳಿಸಿದರು. ಮರುದಿನ ಬೆಳಿಗ್ಗೆ ಭಾವ ಠಾಣೆಗೆ ಹೋಗಿ, ವಾಯರಿಂಗಿಗೆ ಬಂದವನು ಅಟ್ಟದಿಂದ ಕದ್ದೊಯ್ದಿದ್ದಾನೆಂದು ದೂರು ಬರೆಸಿದರು.

ಪೊಲೀಸರು ಎರಡನ್ನಲ್ಲ, ಇದ್ದಬದ್ದ ಹೂದಾನಿಗಳನ್ನೆಲ್ಲ ಒಯ್ದರು. ಅಷ್ಟೊತ್ತಿಗೆ ಅವು ಇಪ್ಪತ್ತಾರಾಗಿದ್ದವು. ಇಂಥವನ ಮನೆಯಲ್ಲಿ ಇಂಥ ಸಾಮಾನು ಬರುವುದಾದರೂ ಹೇಗೆ ಎಂಬುದೊಂದೇ ಅವರ ಪುರಾವೆ. ಗೋಣಿಚೀಲದಲ್ಲಿ ತುಂಬಿ, ನಡುವೆ ಒಂದು ಚಿಂದಿಯನ್ನೂ ಹಾಕದೆ ಒಯ್ದರು. ಪರಸಣ್ಣನನ್ನು ಠಾಣೆಯ ನೆಲದ ಮೇಲೆ ಕೂರಿಸಿದರು.

ಮಧ್ಯಾಹ್ನದ ಊಟಕ್ಕೆ ಕೂತಾಗ ಭಾವ ಇದನ್ನು ನಗುತ್ತ ಹೇಳಿದರು. ಬಡಿಸುತ್ತಿದ್ದ ನನ್ನ ಕೈ ನಿಂತಿತು. ಅತ್ತೆಯವರೇ ಕೊಟ್ಟದ್ದು, ನಾನು ನೋಡಿದ್ದೇನೆ ಎಂದೆ. ಯಾರೂ ತಲೆಯೆತ್ತಲಿಲ್ಲ. ನನ್ನ ಗಂಡ, ಮೆತ್ತಗೆ, ಅನ್ನ ಬಡಿಸು ಎಂದರು. ನಾನು ಬಡಿಸಿದೆ. ಹೌದು, ಬಡಿಸಿದೆ. ಸಾರನ್ನೂ ಬಡಿಸಿದೆ. ಆಮೇಲೆ ಅಡುಗೆಮನೆಯಲ್ಲಿ ನನ್ನ ಗಂಡ ಬಂದು, ಅಣ್ಣನ ವಿರುದ್ಧ ಠಾಣೆಗೆ ಹೋದರೆ ಈ ಮನೆಯಲ್ಲಿ ನಿನಗೆ ಜಾಗವಿರುವುದಿಲ್ಲ ಎಂದರು. ಹದಿಮೂರು ವರ್ಷ ಆ ಮನೆಯ ಒಲೆ ನೋಡಿಕೊಂಡವಳಿಗೆ ಒಂದು ಮಾತಿನಲ್ಲಿ ಜಾಗ ಹೋಗುತ್ತದೆ ಎಂದು ಅಂದೇ ತಿಳಿದದ್ದು.

ಅಂದು ಹೋಗಲಿಲ್ಲ. ಮಾರನೆಯ ದಿನ ಹೋದೆ. ಮಗಳು ಶಾಲೆಗೆ ಹೋದ ಮೇಲೆ ಸೆರಗು ಸಿಕ್ಕಿಸಿಕೊಂಡು ನಡೆದೇ ಹೋದೆ. ಸಾಹುಕಾರರ ಮನೆಯ ಹೆಣ್ಣುಮಗಳು ಠಾಣೆಯ ಮೆಟ್ಟಿಲು ಹತ್ತಿದ್ದು ನೋಡಿ ಫೌಜದಾರರು ಎದ್ದು ನಿಂತರು. ನನಗೆ ಕುರ್ಚಿ ಹಾಕಿಸಿದರು. ಕುರ್ಚಿಯ ಪಕ್ಕದಲ್ಲೇ, ನೆಲದ ಮೇಲೆ, ಐವತ್ತು ದಾಟಿದ ಪರಸಣ್ಣ ಕೂತಿದ್ದರು. ನಾನು ಕೂರಲಿಲ್ಲ. ಯಾವ ವರ್ಷ, ಯಾರು ಕೊಟ್ಟರು, ಯಾವ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟೆವು, ಎಲ್ಲ ಬರೆದು ಸಹಿ ಮಾಡಿದೆ. ಫೌಜದಾರರು ಅದನ್ನು ಓದಿ, ಮನೆಯೊಳಗಿನ ಮಾತು ಮನೆಯಲ್ಲೇ ಮುಗಿಸಬಹುದಿತ್ತಲ್ಲ ತಾಯಿ ಎಂದರು.

ಸಂಜೆಯೊಳಗೆ ಭಾವ ದೂರು ಹಿಂದೆ ತೆಗೆದುಕೊಂಡರು. ಚೀಲ ಒಯ್ಯಿರಿ ಎಂದು ಪೊಲೀಸರು ಪರಸಣ್ಣನಿಗೆ ಹೇಳಿದರು. ಅವರು ಚೀಲ ಮುಟ್ಟಲಿಲ್ಲ. ಒಯ್ದವರು, ಒಯ್ಯಿಸಿದವರು ತಾವೇ ತಂದು ಇದ್ದ ಜಾಗದಲ್ಲಿ ಇಡಬೇಕು ಎಂದು ಹೇಳಿ ಎದ್ದು ಬಂದರು. ಬೆಳಗಾವಿಗೆ ಹೋಗಿ ಮೇಲಧಿಕಾರಿಗೆ ಅರ್ಜಿ ಕೊಟ್ಟರು, ವಕೀಲರನ್ನು ಹಿಡಿದರು. ಊರಿನ ದೊಡ್ಡ ಮನೆಗಳ ಕೆಲಸ ಅವರಿಗೆ ನಿಂತುಹೋಯಿತು. ಕಸ್ತೂರಿಯ ಸಣ್ಣ ಗೌರವಧನದಲ್ಲಿ ಮನೆ ನಡೆಯಿತು. ನಾಲ್ಕು ತಿಂಗಳು ಚೀಲ ಠಾಣೆಯ ಮೂಲೆಯಲ್ಲೇ ಬಿದ್ದಿತ್ತು. ಕೊನೆಗೆ ಸುಳ್ಳು ದೂರಿನ ಕೇಸು ಭಾವನ ಕೊರಳಿಗೇ ಬರುವುದೆಂದು ಅವರ ವಕೀಲರೇ ಹೇಳಿದ ಮೇಲೆ ಒಂದು ದಿನ ಭಾವನನ್ನೂ ಚೀಲವನ್ನೂ ಹೊತ್ತು ನಮ್ಮ ಜೀಪು ಆ ಓಣಿಗೆ ಹೋಯಿತು. ಕಸ್ತೂರಿ ನನಗೆ ಹೇಳಿ ಕಳಿಸಿದ್ದಳು, ನಾನು ಮೊದಲೇ ಅಲ್ಲಿದ್ದೆ.

ಡ್ರೈವರ್ ಚೀಲ ಹೊತ್ತು ಬಂದ. ಪರಸಣ್ಣ ಬಾಗಿಲಿಗೆ ಅಡ್ಡ ನಿಂತರು.

"ಅಂವಲ್ಲ. ನೀವು ತರ್ರಿ ಸಾವಕಾರ್ರ."

ಓಣಿಯ ಜನ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ಭಾವ ಚೀಲ ಹಿಡಿದು ಬಗ್ಗಿ ಒಳಗೆ ಬಂದರು. ಒಂದೊಂದೇ ತೆಗೆದು ಹಲಗೆಯ ಮೇಲೆ ಇಟ್ಟರು. ಪರಸಣ್ಣ ಟೆಸ್ಟರ್ ತೋರಿಸಿ ಜಾಗ ಹೇಳುತ್ತಿದ್ದರು. ತುಸು ಎಡಕ್ಕೆ ಎನ್ನುವರು, ತುಸು ಹಿಂದಕ್ಕೆ ಎನ್ನುವರು. ನೆರಳು ಸರಿ ಬೀಳದಿದ್ದರೆ ಮತ್ತೆ ಎತ್ತಿಸಿ ಇಡಿಸುವರು. ಭಾವನ ಹಣೆಯ ಬೆವರು ಮೂಗಿನ ಮೇಲೆ ಇಳಿಯುತ್ತಿತ್ತು. ಇಪ್ಪತ್ಮೂರು ಇಟ್ಟಾದ ಮೇಲೆ ಚೀಲದ ತಳದಲ್ಲಿ ಚೂರುಗಳಷ್ಟೇ ಉಳಿದವು. ಅವನ್ನೂ ಕೈಯಿಂದಲೇ ಬಳಿದು ತೆಗೆಯಲು ಪರಸಣ್ಣ ಹೇಳಿದರು. ಒಂದು ಚೂರು ಭಾವನ ಬೆರಳಿಗೆ ತಾಗಿ ರಕ್ತ ಬಂತು. ನನಗೆ ಕನಿಕರ ಬರಲಿಲ್ಲ. ಈಗಲೂ ಬರುವುದಿಲ್ಲ.

ಭಾವ ಹೋದ ಮೇಲೆ ಪರಸಣ್ಣ ನನ್ನ ಕಡೆ ತಿರುಗಿದರು. ಧನ್ಯವಾದ ಹೇಳುವರೆಂದು ನಾನು ಅಂದುಕೊಂಡಿದ್ದೆ.

"ಒಂದು ದಿನ ಯಾಕ ತಡಾ ಮಾಡಿದ್ರಿ ಅಕ್ಕಾರ?"

ಎದ್ದು ಬಂದುಬಿಟ್ಟೆ. ಬರುವಾಗ ದಾರಿಯುದ್ದಕ್ಕೂ ಅವರ ಮೇಲೆ ಸಿಟ್ಟು ಬಂತು. ಗಂಡನ ಮಾತು ಮೀರಿ ಹೋದೆ, ನಾಲ್ಕು ತಿಂಗಳು ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ, ಇನ್ನೇನು ಬೇಕಿತ್ತು ಇವರಿಗೆ? ಆ ಸಿಟ್ಟನ್ನು ಮೂರು ವರ್ಷ ಸಾಕಿದೆ. ಅವರು ಪೇಟೆಯಲ್ಲಿ ಎದುರಾದರೆ ಮುಖ ತಿರುಗಿಸಿದೆ. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಾಗ, ನಾನು ಸಿಟ್ಟಾದದ್ದು ಅವರ ಪ್ರಶ್ನೆಗಲ್ಲ, ನನ್ನ ಹತ್ತಿರವಿದ್ದ ಉತ್ತರಕ್ಕೆ ಎಂದು ತಿಳಿಯಿತು.

ಕೊನೆಯ ಸಲ ಅವರು ಸಿಕ್ಕಿದ್ದು ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ. ಇಬ್ಬರೂ ಬೈಲಹೊಂಗಲದ ಬಸ್ಸಿಗೆ ಕಾಯುತ್ತಿದ್ದೆವು. ಸಕ್ಕರೆ ಕಾಯಿಲೆಯಿಂದ ಬಹಳ ಇಳಿದಿದ್ದರು, ಏಣಿ ಹತ್ತುವುದು ನಿಂತಿತ್ತು. ಬಗಲಲ್ಲಿ ವರ್ತಮಾನಪತ್ರಿಕೆಯಲ್ಲಿ ಸುತ್ತಿದ್ದ ಏನೋ ಇತ್ತು. ನಾನೇ ಹೋಗಿ ಮುಂದೆ ನಿಂತೆ. ಆ ದಿನ ನಾನು ಅಂಜಿದ್ದೆ, ಮನೆಯಿಂದ ಹೊರಗೆ ಹಾಕುತ್ತಾರೆಂದು ಅಂಜಿ ಸುಮ್ಮನಿದ್ದೆ ಎಂದೆ. ಬೇರೆ ಯಾವ ಸಬೂಬನ್ನೂ ಸೇರಿಸಲಿಲ್ಲ.

"ಗೊತ್ತಿತ್ರಿ," ಎಂದರು. "ಆ ದಿನಾನ ಸಂಜಿಮುಂದ ಪೊಲೀಸ್ರು ನನ್ನ ಕಣ್ಮುಂದ ಚೀಲಾ ಒದ್ರು. ಮೂರು ಒಡದದ್ದು ಆವಾಗ. ನಿಮ್ಮ ಅತ್ತಿಯಾರು ಕೊಟ್ಟಿದ್ವಲ್ಲ, ಆ ಎರಡೂ ಅದರಾಗ ಹೋದ್ವು."

ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ. ಬಗಲಲ್ಲಿದ್ದದ್ದನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಕಲ್ಲುಬೆಂಚಿನ ಮೇಲೆ ಆಚೆ ಸರಿದು ಜಾಗ ಮಾಡಿದರು. ಕೂತೆ. ಬಸ್ಸು ಬರಲು ಇನ್ನೂ ಅರ್ಧ ಗಂಟೆಯಿತ್ತು. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕಾದೆವು.

ಆ ವರ್ಷದ ದೀಪಾವಳಿಗೆ ಮೊದಲೇ ಅವರು ಹೋದರು. ನಾನು ಮಣ್ಣಿಗೆ ಹೋದೆ. ಈ ಸಲ ಮನೆಯಲ್ಲಿ ಯಾರನ್ನೂ ಕೇಳಲಿಲ್ಲ.