ಗಾಜಿನ ಮೇಲೆ ನನ್ನದೇ ರಕ್ತ

ಬ್ಯಾಕೋಡಿನ ಆಚೆಗಿದ್ದ ಆ ಕೇರಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಆ ಕೇರಿಯವರಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಅರವತ್ತರ ದಶಕದ ಕೊನೆ. ಅಣೆಕಟ್ಟಿನ ಹಿನ್ನೀರು ಅವರ ಗದ್ದೆಗಳನ್ನು ನುಂಗಿ ಕೆಲವೇ ವರ್ಷಗಳಾಗಿದ್ದವು. ಖಾಕಿ ಚೀಲ ಹೊತ್ತು ಬಂದವನೆಲ್ಲ ಅವರ ಪಾಲಿಗೆ ಸರ್ಕಾರವೇ. ನಾನು ಸಾಗರದ ಮಲೇರಿಯಾ ಕಚೇರಿಯ ಕೆಲಸಗಾರ. ಹದಿನೈದು ದಿನಕ್ಕೊಮ್ಮೆ ದೋಣಿಯಲ್ಲಿ ಹಿನ್ನೀರು ದಾಟಿ, ಜ್ವರ ಬಂದವರಿದ್ದಾರಾ ಎಂದು ಮನೆಮನೆಯಲ್ಲಿ ಕೇಳಬೇಕು. ಇದ್ದರೆ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಎರಡು ಹನಿ ರಕ್ತ ತೆಗೆದು, ನಾಲ್ಕು ಮಾತ್ರೆ ನುಂಗಿಸಿ ಬರಬೇಕು. ಕೆಲವರು ನನ್ನ ಮೇಲೆ ನಾಯಿ ಬಿಡುತ್ತಿದ್ದರು. ಕುಡಿಯಲು ನೀರು ಕೇಳಿದರೆ ದೂರದ ಬಾವಿ ತೋರಿಸುತ್ತಿದ್ದರು.

ಕೊನೆಯ ಮನೆಯ ಮುದುಕಿ ಎಲ್ಲರಿಗಿಂತ ಜೋರು. ಒಂದು ದಿನ ಒಳಗಿನಿಂದ ನರಳುವುದು ಕೇಳಿಸಿತು. ಸೊಸೆಗೆ ಜ್ವರ. ಮಗ ಮನೆಯಲ್ಲಿರಲಿಲ್ಲ.

"ಎರಡೇ ಹನಿ ಅಮ್ಮಾ," ಎಂದೆ.

"ಗದ್ದೆ ತಗಂಡ್ರಿ. ಈಗ ರಕ್ತನೂ ಬೇಕಾ? ಹೋಗಾ ಆಚೆಗೆ!" ಎಂದವಳೇ ಸೆಗಣಿ ನೀರನ್ನು ನನ್ನ ಕಾಲಿಗೆ ಎರಚಿದಳು.

ಜ್ವರದ ಮನೆಯಿಂದ ಬರಿಗೈಯಲ್ಲಿ ಹೋದರೆ ನಮ್ಮ ಇನ್ಸ್‌ಪೆಕ್ಟರು ಉಗಿಯುತ್ತಿದ್ದರು. ದೋಣಿ ಕಾಯುತ್ತಾ ಮರದಡಿ ಕೂತು ನನ್ನ ಎಡಗೈ ಬೆರಳನ್ನೇ ಚುಚ್ಚಿಕೊಂಡು ಗಾಜಿಗೆ ಒತ್ತಿದೆ. ಅದಕ್ಕೆ ಆ ಮನೆಯ ನಂಬರು ಹಾಕಿ, ಸೊಸೆಯ ರಕ್ತವೆಂದು ಬರೆದೆ. ಅವಳಿಗೆ ಕೊಡಬೇಕಿದ್ದ ನಾಲ್ಕು ಮಾತ್ರೆಗಳನ್ನು ನೀರಿಗೆ ಎಸೆದೆ. ಆಗ ನನಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಹಾಳಾಗಿ ಹೋಗಲಿ ಅಂದುಕೊಂಡೆ.

ಮುಂದಿನ ಸುತ್ತಿಗೆ ಹೋದಾಗ ಮಗ ಅಂಗಳದಲ್ಲಿದ್ದ. ಹೆಂಡತಿಯ ಜ್ವರ ಬಿಡದ್ದಕ್ಕೆ ಅವನು ಸಾಗರಕ್ಕೆ ಹೋಗಿ ನಮ್ಮ ಕಚೇರಿಯಲ್ಲೇ ವಿಚಾರಿಸಿ ಬಂದಿದ್ದ. ಅವರು ಪುಸ್ತಕ ನೋಡಿ, ರಕ್ತದಲ್ಲಿ ಮಲೇರಿಯಾ ಇಲ್ಲ ಎಂದು ಹೇಳಿ ಕಳಿಸಿದ್ದರು.

"ರಕ್ತ ತಗಂಡು ಹೋಗಿದ್ದು ಹೌದಾ ಅಂತ ಅವ್ವನ್ನ ಕೇಳ್ದೆ. ಹೌದು ಅಂದ್ಳು," ಎಂದ.

ನನ್ನನ್ನು ಓಡಿಸಿದ್ದು ತಿಳಿದರೆ ಮಗ ಬೈಯುತ್ತಾನೆಂದು ಮುದುಕಿ ಸುಳ್ಳು ಹೇಳಿದ್ದಳು. ನಾನು ಬರೆದ ಸುಳ್ಳು ಅದಕ್ಕೆ ಸಾಕ್ಷಿ ನುಡಿದಿತ್ತು.

"ಮಲೇರಿಯಾ ಅಲ್ಲ ಅಂದ್ಮೇಲೆ ಇನ್ನೆಂತ? ಮಂಗನ ಕಾಯಿಲೆನೇ. ಇವಳು ದರಗೆಲೆ ಗುಡ್ಸಾಕೆ ಹೋದಾಗ ಕಾಡಲ್ಲಿ ಸತ್ತ ಮಂಗ ಬಿದ್ದಿತ್ತಂತೆ. ಅದಕ್ಕೆ ಮದ್ದಿಲ್ಲ ಅಲ್ದಾ?"

ಆ ಸೀಮೆಯಲ್ಲಿ ಆಗ ಎಲ್ಲರ ತಿಳಿವಳಿಕೆಯೂ ಅದೇ. ಗಾಜಿನಲ್ಲಿ ಮಲೇರಿಯಾ ಕಾಣದಿದ್ದರೆ ಮಂಗನ ಕಾಯಿಲೆ. ಮಂಗನ ಕಾಯಿಲೆ ಎಂದರೆ ಆಸೆ ಬಿಟ್ಟ ಹಾಗೆ. ಅವಳನ್ನು ಕೊಟ್ಟಿಗೆಯ ಮೂಲೆಯಲ್ಲಿ ಮಲಗಿಸಿ, ಗಂಜಿಯ ತಟ್ಟೆಯನ್ನು ಕೋಲಿನಿಂದ ತಳ್ಳುತ್ತಿದ್ದರು.

ಬಗ್ಗಿ ನೋಡಿದೆ. ಉರಿಬಿಸಿಲಿನ ಮಧ್ಯಾಹ್ನ, ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಳು.

"ದಿನಾ ಹೀಗೇನಾ?"

"ಇಲ್ಲ. ನಿನ್ನೆ ಎದ್ದು ಕೂತಿದ್ಳು. ಮೊನ್ನೆ ಇದೇ ಹೊತ್ತಿಗೆ ಹಿಂಗೇ. ಆಮೇಲೆ ಬೆವರಿ ಬಿಡ್ತದೆ."

ದಿನ ಬಿಟ್ಟು ದಿನ, ಅದೇ ಹೊತ್ತಿಗೆ ಚಳಿ, ಆಮೇಲೆ ಬೆವರು. ಕೆಲಸಕ್ಕೆ ಸೇರಿದ ಮೊದಲ ದಿನ ನಮಗೆ ಕಲಿಸಿದ್ದೇ ಅದು. ಮಂಗನ ಕಾಯಿಲೆ ಹೀಗೆ ನಡುನಡುವೆ ರಜೆ ಹಾಕುವುದಿಲ್ಲ. ಬಾಯಿ ಮುಚ್ಚಿಕೊಂಡು ಹೊಸದಾಗಿ ರಕ್ತ ತೆಗೆದುಬಿಡೋಣವೆಂದು ಸೂಜಿ ಹೊರತೆಗೆದೆ. ಅವನು ಅಡ್ಡ ನಿಂತ.

"ಒಂದ್ಸಲ ನೋಡಿ ಆಯ್ತಲ್ಲ. ಸಾಯೋಳನ್ನ ಮತ್ತೆ ಯಾಕೆ ಚುಚ್ತೀರಿ?"

ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಆದರೂ ಹೇಳಿದೆ. "ಆ ರಕ್ತ ಅವಳದಲ್ಲ. ನನ್ನದು."

ಅವನು ನನ್ನ ಕೆನ್ನೆಗೆ ಬಾರಿಸಿದ. "ನಿನ್ ರಕ್ತ ನೋಡಿ ನಾನು ಇವಳನ್ನ ಕೊಟ್ಟಿಗೆಗೆ ಹಾಕಿದ್ನೇನೋ!" ಬಾಗಿಲಲ್ಲಿ ನಿಂತಿದ್ದ ತಾಯಿಯ ಕಡೆ ತಿರುಗಿದ. ಮುದುಕಿ ಒಳಗೆ ಹೋದಳು. ಮಗ ತಾನೇ ಹೆಂಡತಿಯ ಬೆರಳು ಹಿಡಿದು ನನ್ನ ಸೂಜಿಗೆ ಒಡ್ಡಿದ.

ಈ ಸಲದ ಗಾಜಿನಲ್ಲಿ ಮಲೇರಿಯಾ ಕಂಡಿತು. ಐದು ದಿನ ದೋಣಿ ಹತ್ತಿ ಹೋಗಿ, ಕಣ್ಣೆದುರೇ ಮಾತ್ರೆ ನುಂಗಿಸಿದೆ. ಅವಳು ಬದುಕಿದಳು. ಗಂಡ ಕಚೇರಿಗೆ ದೂರು ಕೊಡಲಿಲ್ಲ, ಕ್ಷಮಿಸಲೂ ಇಲ್ಲ. "ನೀ ಹೋದ್ರೆ ಇನ್ನೊಬ್ಬ ಬತ್ತಾನೆ. ನಿನ್ ಬುದ್ಧಿನಾದ್ರೂ ನಂಗೆ ಗೊತ್ತು," ಎಂದ.

ಅಂದಿನಿಂದ ನಾನು ಹೋದಾಗಲೆಲ್ಲ ಆ ಸೊಸೆಯೇ ಬಾಗಿಲಿಗೆ ಬರುತ್ತಿದ್ದಳು. ಜ್ವರದ ಮಾತಿಗೆ ಮೊದಲು "ಕೈ ತೋರ್ಸಿ" ಎನ್ನುತ್ತಿದ್ದಳು. ನಾನು ಎರಡೂ ಅಂಗೈ ಮೇಲೆ ಮಾಡಿ ಚಾಚಬೇಕು. ಹತ್ತು ಬೆರಳಲ್ಲೂ ಹೊಸದಾಗಿ ಚುಚ್ಚಿದ ಗುರುತಿಲ್ಲವೆಂದು ನೋಡಿದ ಮೇಲೆಯೇ ಅವಳ ಬಾಯಿಂದ ಮುಂದಿನ ಮಾತು. ಕ್ರಮೇಣ ಕೇರಿಯವರೆಲ್ಲ ಅದನ್ನೇ ಕಲಿತರು. ಅವಮಾನದಿಂದ ಮೈ ಉರಿಯುತ್ತಿತ್ತು. ಅವಳ ಮೇಲಿನ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಕೊನೆಗೆ ತೀರ್ಥಹಳ್ಳಿಗೆ ವರ್ಗವಾಯಿತು. ಪೀಡೆ ಕಳೆಯಿತು ಅಂದುಕೊಂಡು ಅಲ್ಲಿನ ಮೊದಲ ಮನೆಯ ಬಾಗಿಲಲ್ಲಿ ನಿಂತೆ. ಯಾರೂ ಏನೂ ಕೇಳಿರಲಿಲ್ಲ. ನನ್ನ ಎರಡೂ ಕೈಗಳು ತಾವಾಗಿ ಮುಂದೆ ಚಾಚಿಕೊಂಡಿದ್ದವು. ಆ ಮನೆಯಾಕೆ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋಗಿ, ಒಂದು ಹಿಡಿ ಅಕ್ಕಿ ತಂದು ಅಂಗೈಗೆ ಹಾಕಿದಳು.