ಕಾಕು ಬಿಚ್ಚಿ ಹೊಲಿದ ಪ್ಯಾಡು

ಕಾಕುವಿನ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿ, ಎರಡಾಗಿ ಬೆಳೆದಿತ್ತು. ಯಾವಾಗಲೋ ಹೊಲಿಗೆ ಯಂತ್ರದ ಸೂಜಿ ಅದರೊಳಗೆ ಇಳಿದಿತ್ತಂತೆ. ನೋವಾಗಲಿಲ್ಲವೇ ಎಂದು ಕೇಳಿದರೆ, "ಆತು. ಆದ್ರ ಸೂಜಿ ಅಷ್ಟ ಒಳಗ ಹೆಂಗ ಹೋತು ಅಂತ ನೋಡ್ಕೋತ ಕುಂತಿದ್ದೆ" ಎನ್ನುತ್ತಿದ್ದರು.

ಕೊಂಕಣಿ ಸೀಮೆಯ ವೆರ್ಣಾದ ಕಾರ್ಖಾನೆಗಳ ಹಿಂದೆ, ವಿಜಯಪುರದ ಕಡೆಯಿಂದ ಬಂದವರೇ ತುಂಬಿದ್ದ ಬಾಡಿಗೆ ಖೋಲಿಗಳ ಸಾಲು. ಅದರಲ್ಲಿ ನಮ್ಮ ಪಕ್ಕದ ಖೋಲಿ ಅವರದು; ಚಿಕ್ಕಮ್ಮನ ಸಲಿಗೆಯಿಂದ ನಾವೆಲ್ಲ ಕಾಕು ಎನ್ನುತ್ತಿದ್ದೆವು. ಬೆಳಗಿನ ಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದವರೇ ಚಹಾ ಕುಡಿದು ಹೊಲಿಗೆಗೆ ಕೂರುತ್ತಿದ್ದರು. ಯಾವುದನ್ನೂ ಕೇಳದೆ ಬಿಡುವ ಜೀವವಲ್ಲ ಅದು. ಹದಿಮೂರರಲ್ಲಿ ನಾನು ದೊಡ್ಡವಳಾದ ಮೇಲೆ, ಅವ್ವ ತಿಂಗಳಿಗೆ ನಾಲ್ಕು ದಿನ ಶಾಲೆ ಬಿಡಿಸಿ ಖೋಲಿಯೊಳಗಿನ ಮೋರಿಯ ಪಕ್ಕ ಚಾಪೆ ಹಾಕಿ ಕೂರಿಸುತ್ತಿದ್ದಳು. "ಹೊರಗಾಗ್ಯಾಳ್ರಿ" ಎಂದು ಅವ್ವ ಹೇಳಿದ್ದಕ್ಕೆ ಕಾಕು, "ಇರೂದು ಒಂದ ಖೋಲಿ. ಹೊರಗಂದ್ರ ಎಲ್ಲಿ, ರಸ್ತಾದಾಗ?" ಎಂದು ಕೇಳಿದ್ದರು. ಅವ್ವ ನಕ್ಕಳು. ನಾನು ಚಾಪೆ ಬಿಟ್ಟು ಏಳಲಿಲ್ಲ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಮಡಗಾಂವದಿಂದ ನಾಲ್ಕೈದು ಹೆಂಗಸರು ಬಂದರು. ಬಿಡುವಿನ ವೇಳೆಯಲ್ಲಿ ತಾವೇ ಹೊಲಿದ, ಒಗೆದು ಮತ್ತೆ ಬಳಸುವ ಬಟ್ಟೆಯ ಪ್ಯಾಡುಗಳನ್ನು ಚೀಲದಲ್ಲಿ ತುಂಬಿ ಹುಡುಗಿಯರಿಗೆಲ್ಲ ಹಂಚಿದರು. ಹೂವಿನ ಚಿತ್ರ, ದಪ್ಪ ಹೊಲಿಗೆ, ಅಂಚಿಗೆ ಗುಂಡಿ. ಚೆಂದವಾಗಿದ್ದವು. ನಾವು ಒಂದೆರಡು ಸಲ ಬಳಸಿ ಟ್ರಂಕಿನೊಳಗೆ ಇಟ್ಟುಬಿಟ್ಟೆವು.

ಮಳೆ ಜೋರಾಗಿದ್ದಾಗ ಅವರಲ್ಲಿ ಒಬ್ಬ ಹೆಂಗಸು ಮತ್ತೆ ಬಂದರು; ಅವರನ್ನು ನಾವು 'ಬಾಯಿ' ಎಂದು ಕರೆಯುತ್ತಿದ್ದೆವು. ಕಾಕುವಿನ ಖೋಲಿಯಲ್ಲಿ ನಮ್ಮನ್ನೆಲ್ಲ ಕೂರಿಸಿ, ಪ್ಯಾಡುಗಳು ಹೇಗಿವೆ ಎಂದು ಕೊಂಕಣಿಯಲ್ಲಿ ಕೇಳಿದರು. "ಚಲೋ ಅದಾವ್ರಿ" ಎಂದು ಎಲ್ಲರೂ ತಲೆ ಆಡಿಸಿದೆವು. ಮೂಲೆಯಲ್ಲಿ ದಾರ ಪೋಣಿಸುತ್ತಿದ್ದ ಕಾಕು ತಲೆ ಎತ್ತಿದರು.

"ಸುಳ್ಳ ಹೇಳಾಕತ್ತಾರ್ರಿ. ಎರಡ ಸಲ ಹಾಕ್ಕೊಂಡು ಬಿಟ್ಟಾರ."

ಬಾಯಿಗೆ ಕನ್ನಡ ತಿಳಿಯದು. ಕಾಕುವಿನ ಕೊಂಕಣಿ ಮೀನು ಕೊಳ್ಳುವಷ್ಟಕ್ಕೆ ಮುಗಿಯುತ್ತಿತ್ತು. ಅವರು ನನ್ನತ್ತ ತಿರುಗಿದರು. "ನೀ ಸಾಲ್ಯಾಗ ಕಲಿತಿ, ನೀ ಹೇಳವ್ವ. ಈ ಮಳ್ಯಾಗ ಒಣಗಂಗಿಲ್ಲ ಅನ್ನು. ಗಂಡಸರ ಕಣ್ಣಿಗೆ ಬೀಳಬಾರದಂತ ಲಂಗದ ಬುಡಕ ಹಾಕ್ತಾರ. ಹಸೀದ ಕಟ್ಕೊಂಡ್ರ ತುರಿಸ್ತತಿ, ಹುಣ್ಣಾಗ್ತತಿ ಅನ್ನು."

ಆ ಮಾತನ್ನು ನಾನು ಯಾವ ಭಾಷೆಯಲ್ಲೂ ಬಾಯಿ ಬಿಟ್ಟು ಆಡಿರಲಿಲ್ಲ. ಕಾಕು ಕಣ್ಣು ಕದಲಿಸಲಿಲ್ಲ. ನೆಲ ನೋಡುತ್ತ, ತಡವರಿಸುತ್ತ ಎಲ್ಲವನ್ನೂ ಕೊಂಕಣಿಯಲ್ಲಿ ಹೇಳಿದೆ. ಮುಗಿಸಿದಾಗ ಪಕ್ಕದಲ್ಲಿದ್ದ ಹುಡುಗಿ ಮೆಲ್ಲಗೆ, "ನನಗೂ ಹುಣ್ಣಾಗೇತಿ" ಎಂದಳು.

ಬಾಯಿಯ ಮುಖ ಸಣ್ಣದಾಯಿತು. ಕಾಕು ಅದನ್ನು ಗಮನಿಸಿದರೋ ಇಲ್ಲವೋ, ಪ್ಯಾಡೊಂದನ್ನು ಎತ್ತಿಕೊಂಡು ಬ್ಲೇಡಿನಿಂದ ಹೊಲಿಗೆ ಬಿಚ್ಚತೊಡಗಿದರು. ಒಳಗಿನ ಪದರಗಳನ್ನು ಒಂದೊಂದಾಗಿ ಹರವಿ, ಚಮಚದಲ್ಲಿ ನೀರು ಹಾಕಿ, ಎಷ್ಟು ಚಮಚಕ್ಕೆ ಸೋರುತ್ತದೆಂದು ನೋಡಿದರು. ಬಾಯಿಯೂ ಪಕ್ಕಕ್ಕೆ ಸರಿದು ಕುಳಿತರು. ಹಳೆಯ ಧೋತರ, ಟವೆಲ್ಲು, ಸೀರೆಯ ತುಂಡು ಎಲ್ಲದರ ಮೇಲೂ ಆ ವಾರವೆಲ್ಲ ಪರೀಕ್ಷೆ ನಡೆಯಿತು. ಕೊನೆಗೆ ಅವರು ಹೊಲಿದದ್ದು ಗುಂಡಿ ಹಾಕುವ ಒಂದು ತೆಳುವಾದ ಹೊದಿಕೆ, ಅದರೊಳಗೆ ಮಡಚಿ ಇಡಲು ಬೇರೆ ಅರಿವೆ. ಬಿಚ್ಚಿ ಹಗ್ಗಕ್ಕೆ ಹಾಕಿದರೆ ಕರವಸ್ತ್ರದಂತೆ ಕಾಣುತ್ತಿತ್ತು, ಅರ್ಧ ದಿನದಲ್ಲಿ ಒಣಗುತ್ತಿತ್ತು. ಮಡಗಾಂವದ ಹೆಂಗಸರು ಆಮೇಲೆ ಅದೇ ಮಾದರಿಯಲ್ಲಿ ಹೊಲಿದರು. ನಾನು ಆ ನಾಲ್ಕು ದಿನಗಳಲ್ಲೂ ಚಾಪೆ ಮಡಚಿಟ್ಟು ಶಾಲೆಗೆ ಹೋಗತೊಡಗಿದೆ. ಅವ್ವ ಒಂದೆರಡು ತಿಂಗಳು ಗೊಣಗಿ ಸುಮ್ಮನಾದಳು.

ಒಂದು ಸಂಗತಿ ಮಾತ್ರ ನನಗೆ ಒಗಟಾಗಿತ್ತು. ಕಾಕುವಿಗೆ ಮೂವತ್ತೈದೂ ದಾಟಿರಲಿಲ್ಲ. ಆದರೂ ಅವರ ಹಗ್ಗದ ಮೇಲೆ ಆ ಅರಿವೆಯನ್ನು ನಾನು ಕಂಡದ್ದೇ ಇಲ್ಲ. "ಅಕಿಗೆ ಬೇಕಾಗಿಲ್ಲದ್ದರ ಉಸಾಬರಿ ಯಾಕ?" ಎಂದು ನಲ್ಲಿಯ ಹತ್ತಿರ ಹೆಂಗಸರು ಆಡಿಕೊಳ್ಳುತ್ತಿದ್ದರು.

ಉತ್ತರ ಸಿಕ್ಕಿದ್ದು ಹತ್ತನೆಯ ತರಗತಿಯಲ್ಲಿ. ವಿಜ್ಞಾನದ ಪುಸ್ತಕ ಓದುತ್ತಿದ್ದೆ. ಕಾಕು ಹೆಗಲ ಮೇಲಿಂದ ಬಗ್ಗಿ, "ಇದೇನ ಚಿತ್ರ? ಆಕಳ ಮಾರಿ ಇದ್ದಂಗ ಐತಿ" ಎಂದರು.

"ಗರ್ಭಕೋಶ ರೀ ಕಾಕು. ತಿಂಗಳಾ ತಿಂಗಳಾ ರಕ್ತ ಬರೂದು ಇಲ್ಲಿಂದ."

ಅವರು ಪುಸ್ತಕ ಇಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಎಷ್ಟು ದೊಡ್ಡದಿರುತ್ತದೆ, ಕೂಸು ಎಲ್ಲಿ ಮಲಗುತ್ತದೆ, ಎಲ್ಲ ಕೇಳಿದರು. ನಾನು ಗೊತ್ತಿದ್ದಷ್ಟು ಹೇಳಿದೆ.

"ಇಷ್ಟ ಸಣ್ಣದೇನ?" ಎಂದು ತಮ್ಮ ಮುಷ್ಟಿ ಮಡಚಿ ನೋಡಿಕೊಂಡರು. ಆಮೇಲೆ ಹೇಳಿದರು: "ನಂದು ತಗದಬಿಟ್ಟಾರ. ಇಪ್ಪತ್ತಾರಕ್ಕ. ಊರಾಗ ಹಸಿ ಬಟ್ಟಿ ಕಟ್ಕೊಂಡು ಕಟ್ಕೊಂಡು ಒಳಗ ಭಾಳ ತ್ರಾಸ ಆಗಿತ್ತು. ಡಾಕ್ಟರು ಚೀಲ ಕೆಟ್ಟೈತಿ, ತಗಸ್ರಿ ಅಂದ್ರು. ಗಂಡ ಹೆಬ್ಬಟ್ಟ ಒತ್ತಿದ. ಅದು ಹೆಂಗ ಇರ್ತತಿ, ಯಾಕ ಇರ್ತತಿ, ನನಗ ಯಾರೂ ತೋರಿಸಲಿಲ್ಲ. ನಾನೂ ಕೇಳಲಿಲ್ಲ ನೋಡು."

ಯಾವತ್ತೂ ಏನನ್ನೂ ಕೇಳದೆ ಬಿಡದ ಕಾಕುವಿನ ಬಾಯಲ್ಲಿ ಆ ಕೊನೆಯ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಅವರು ಪುಸ್ತಕ ಹಿಂದಿರುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಹೊಲಿಗೆಗೆ ಕುಳಿತರು.

ಹೋದ ವರ್ಷ, ಪಾಳಿ ಮುಗಿಸಿ ಬಸ್ಸಿನಿಂದ ಇಳಿದು ಬರುವಾಗ ಕಾಕು ಎದೆ ಹಿಡಿದುಕೊಂಡು ಕುಸಿದರು. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನಾನೀಗ ಆಸ್ಪತ್ರೆಯೊಂದರಲ್ಲಿ ನರ್ಸ್. ಗರ್ಭಕೋಶದ ಆಪರೇಷನ್ನಿಗೆ ಬಂದ ಹೆಂಗಸರ ಹಾಸಿಗೆಯ ಪಕ್ಕ ಕೂತು, ಕಾಗದದ ಮೇಲೆ ಅದರ ಚಿತ್ರ ಬರೆದು ತೋರಿಸುತ್ತೇನೆ. ಮೊನ್ನೆ ಸಾವರ್ಡೆಯಿಂದ ಬಂದಿದ್ದ, ನಮ್ಮ ಕಡೆಯವಳೇ ಆದ ಹೆಣ್ಣುಮಗಳೊಬ್ಬಳು ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಗಂಡನ ಕಡೆಗಲ್ಲ, ನನ್ನ ಕಡೆಗೆ ತಿರುಗಿ ಕೇಳಿದಳು:

"ತಗೀಲೇ ಬೇಕೇನ್ರಿ?"

ನಾನು ಡಾಕ್ಟರನ್ನು ಕರೆದುಕೊಂಡು ಬರಲು ಎದ್ದೆ.